ಉತ್ತರ ಆಮೇಲೆ, ಮೊದಲು ‘ಹೇಗೆ ಬಂತು?’ ಅಂತ ಕೇಳಿ: ಪ್ರೈಮರಿ ಮಕ್ಕಳಿಗೆ ಲೆಕ್ಕ ಕಲಿಸುವ ದಾರಿ

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ 42 − 17 = 35 ಅಂತ ಬರೆದುಕೊಂಡು ಬಂದಳು. ಮಾಮೂಲಿಯಾಗಿ ನಾನು ತಪ್ಪು ಅಂತ ಗೀಟು ಎಳೆದು ವಾಪಸ್ ಕಳಿಸುತ್ತಿದ್ದೆ. ಅವತ್ತು ಯಾಕೋ ‘ಇದು ಹೇಗೆ ಬಂತು ಪುಟ್ಟಾ?’ ಅಂತ ಕೇಳಿದೆ. ‘ಏಳರಲ್ಲಿ ಎರಡು ಹೋದರೆ ಐದು ಮಿಸ್, ನಾಲ್ಕರಲ್ಲಿ ಒಂದು ಹೋದರೆ ಮೂರು’ ಎಂದಳು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹೇಳಿಕೊಟ್ಟಿದ್ದು ನಾನೇ. ಅವಳು ಅದನ್ನೇ ಮಾಡಿದ್ದಳು. ಅವಳ ಅಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುತ್ತಿದ್ದರು, ಸಂಜೆ ಇವಳೂ ಜೊತೆಗೆ ಕೂರುತ್ತಿದ್ದಳು. ಸ್ಲೇಟು ಪಕ್ಕಕ್ಕಿಡಿಸಿ ಕೇಳಿದೆ: ‘ನಿನ್ನ ಹತ್ರ ನಲವತ್ತೆರಡು ರೂಪಾಯಿ ಇತ್ತು, ಹದಿನೇಳು ಖರ್ಚಾಯ್ತು, ಎಷ್ಟು ಉಳೀತು?’ ಕಣ್ಣು ಮಿಟುಕಿಸುವಷ್ಟರಲ್ಲಿ ‘ಇಪ್ಪತ್ತೈದು’ ಎಂದಳು.

ಅದೇ ಹುಡುಗಿ, ಅದೇ ಲೆಕ್ಕ. ಬಾಯಲ್ಲಿ ಸರಿ, ಸ್ಲೇಟಿನಲ್ಲಿ ತಪ್ಪು. ಇದು ಅವಳೊಬ್ಬಳ ಕಥೆ ಅಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಿ 2025ರಲ್ಲಿ ಹೇಳಿದ್ದೂ ಇದನ್ನೇ: ಅಂಗಡಿಯಲ್ಲಿ ಪಟಪಟ ಲೆಕ್ಕ ಹೇಳುವ ಮಕ್ಕಳು ಪುಸ್ತಕದ ಲೆಕ್ಕದ ಮುಂದೆ ತಡವರಿಸುತ್ತಾರೆ, ಶಾಲೆಯ ಲೆಕ್ಕ ಬರುವ ಮಕ್ಕಳು ಅಂಗಡಿ ಲೆಕ್ಕದಲ್ಲಿ ತಡವರಿಸುತ್ತಾರೆ. ಎರಡರ ನಡುವೆ ಸೇತುವೆ ಕಟ್ಟುವವರು ಯಾರು? ನಾವೇ ಕಟ್ಟಬೇಕು, ಅಲ್ವಾ?

ಒಂದರಿಂದ ಐದನೇ ತರಗತಿಯವರೆಗೆ ಕಲಿಸುವವರಿಗೆ, ಮನೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ, ಊರಿನ ಶಾಲೆಗೆ ಏನಾದರೂ ಮಾಡಬೇಕು ಅನ್ನುವ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯವರಿಗೆ ನಾನು ಮಾಡಿ ನೋಡಿದ ಹೆಜ್ಜೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಒಂದೇ: ಮೊದಲು ಕೈ, ಆಮೇಲೆ ಬಾಯಿ, ಕೊನೆಗೆ ಸ್ಲೇಟು.

ಹೆಜ್ಜೆ 1: ಜೂನ್‌ನಲ್ಲಿ ಐದೈದು ನಿಮಿಷ

ಪಾಠ ಶುರು ಮಾಡುವ ಮೊದಲು ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಟೆಸ್ಟ್ ಅಂತ ಹೇಳಬೇಡಿ. ದಿನಕ್ಕೆ ನಾಲ್ಕು ಮಕ್ಕಳಾದರೂ ಒಂದು ವಾರದಲ್ಲಿ ಇಪ್ಪತ್ತು ಮಕ್ಕಳು ಮುಗಿಯುತ್ತಾರೆ. ನಾನು ಕೇಳುವುದು ಐದೇ ಪ್ರಶ್ನೆ.

ಮೂವತ್ತರ ಆಸುಪಾಸು ಹುಣಸೆ ಬೀಜ ಮುಂದಿಟ್ಟು ‘ಎಣಿಸು’ ಅನ್ನಿ. ಒಂದೊಂದನ್ನೇ ಮುಟ್ಟಿ ಎಣಿಸುತ್ತದಾ, ಬಾಯಿ ಮುಂದೆ ಓಡಿ ಕೈ ಹಿಂದೆ ಉಳಿಯುತ್ತದಾ ನೋಡಿ. ಎಣಿಸಿ ಮುಗಿದ ಮೇಲೆ ‘ಹಾಗಾದ್ರೆ ಒಟ್ಟು ಎಷ್ಟಿದೆ?’ ಅಂತ ಕೇಳಿ. ಕೆಲವು ಮಕ್ಕಳು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಅವರಿಗೆ ಇನ್ನೂ ಹೊಳೆದಿಲ್ಲ ಅಂತ ಅರ್ಥ. ಎರಡನೆಯದು, 14 ಮತ್ತು 41 ಬರೆದ ಚೀಟಿ ತೋರಿಸಿ ಯಾವುದು ಜಾಸ್ತಿ, ಯಾಕೆ ಅಂತ ಕೇಳಿ. ಮೂರನೆಯದು, ಹತ್ತರ ಕಡ್ಡಿಕಟ್ಟು ಮತ್ತು ಬಿಡಿ ಕಡ್ಡಿ ಕೊಟ್ಟು 23 ಮಾಡಿಸಿ. ನಾಲ್ಕನೆಯದು ಬಾಯಿಲೆಕ್ಕ: ಹದಿನೈದು ಬಾಳೆಹಣ್ಣಿನಲ್ಲಿ ಏಳು ತಿಂದರೆ ಎಷ್ಟು ಉಳಿಯಿತು. ಐದನೆಯದು ಮೂರನೇ ತರಗತಿಯ ಮೇಲಿನವರಿಗೆ ಮಾತ್ರ: ‘ಮುನ್ನೂರ ಐದು’ ಬರಿ.

ಪ್ರತಿ ಉತ್ತರಕ್ಕೂ ‘ಹೇಗೆ ಬಂತು?’ ಅಂತ ಕೇಳಿ. ಸರಿ ಉತ್ತರಕ್ಕೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಎರಡೇ ದಿನದಲ್ಲಿ ಪತ್ತೆ ಹಚ್ಚುತ್ತಾರೆ. ಮಿಸ್ ಹಾಗೆ ಕೇಳಿದರೆ ತಪ್ಪಾಗಿದೆ ಅಂತ ಅಂದುಕೊಂಡು ಉತ್ತರ ಅಳಿಸಿಬಿಡುತ್ತಾರೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಾರ್ಕ್ಸ್ ಬೇಡ.

ಹೆಜ್ಜೆ 2: ಸಾಮಾನು ಜೋಡಿಸಿಕೊಳ್ಳಿ

ದುಡ್ಡು ಬೇಕಾಗಿಲ್ಲ. ಒಂದೊಂದು ಮಗುವಿಗೆ ನೂರು ಹುಣಸೆ ಬೀಜ, ಒಂದು ಬಟ್ಟೆ ಚೀಲ. ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡು, ಹಳೆ ಕ್ಯಾಲೆಂಡರು, ರಟ್ಟಿನಲ್ಲಿ ಕತ್ತರಿಸಿದ ಆಟದ ನೋಟು. ಬಿಸಿಯೂಟದ ಅಡುಗೆಮನೆಯಲ್ಲಿ ಮೊಟ್ಟೆ ಟ್ರೇ ಇರುತ್ತದೆ, ಕೇಳಿ ಇಸ್ಕೊಳ್ಳಿ. ಐದು ಸಾಲು, ಸಾಲಿಗೆ ಆರು ಗುಂಡಿ, ಒಟ್ಟು ಮೂವತ್ತು. ಮಗ್ಗಿಗೆ ಅದಕ್ಕಿಂತ ಒಳ್ಳೆಯ ಸಾಮಾನು ನಾನು ನೋಡಿಲ್ಲ. ಒಂದನೇ ತರಗತಿಯ ಮಕ್ಕಳು ಬೀಜವನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ಬಾಟಲಿ ಮುಚ್ಚಳ ಕೊಡಿ.

ಸಾಮಾನು ಮುಟ್ಟಿಸಿ ಲೆಕ್ಕ ಕಲಿಸಲು ಸರ್ಕಾರಿ ಶಾಲೆಗಳಿಗೆ ತಂದ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಗೆ ಬಂದಿದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಕಳೆದುಹೋದರೆ ಲೆಕ್ಕ ಕೊಡಬೇಕು ಅನ್ನೋ ಭಯಕ್ಕೆ ಎಷ್ಟೋ ಕಡೆ ಕಿಟ್ಟು ಹೊಸದಾಗಿಯೇ ಹಳೆಯದಾಗುತ್ತದೆ. ಅದು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಮಕ್ಕಳ ಕೈಯಲ್ಲೇ ಎಣಿಸಿ ಕೊಡಿಸಿ, ಎಣಿಸಿ ವಾಪಸ್ ಇಡಿಸಿ. ಅದೂ ಲೆಕ್ಕದ ಪಾಠವೇ.

ಹೆಜ್ಜೆ 3: ಬಿಡಿ, ಹತ್ತು, ನೂರು. ಇಲ್ಲಿ ಅವಸರ ಮಾಡಬೇಡಿ

ನನ್ನ ಅನುಭವದಲ್ಲಿ ಐದನೇ ತರಗತಿಯ ತೊಂದರೆಗಳಲ್ಲಿ ಬಹುಪಾಲು ಎರಡನೇ ತರಗತಿಯಲ್ಲಿ ಓಡಿಸಿಬಿಟ್ಟ ಸ್ಥಾನಬೆಲೆಯ ಪಾಠಕ್ಕೆ ಬಂದು ನಿಲ್ಲುತ್ತವೆ.

ಇಲ್ಲಿ ಕನ್ನಡ ನಮಗೆ ತುಂಬ ಸಹಾಯ ಮಾಡುತ್ತದೆ. ಇಪ್ಪತ್ತು–ಒಂದು ಇಪ್ಪತ್ತೊಂದು, ಮೂವತ್ತು–ನಾಲ್ಕು ಮೂವತ್ನಾಲ್ಕು. ಬಾಯಲ್ಲಿ ಮೊದಲು ಹತ್ತು, ಆಮೇಲೆ ಬಿಡಿ. ಬರೆಯುವಾಗಲೂ ಅದೇ ಕ್ರಮ. ಹಿಂದಿಯ ಇಕ್ಕೀಸ್, ಬಾಯೀಸ್ ಆಗಲಿ, ಮರಾಠಿಯ ಏಕವೀಸ್, ಬಾವೀಸ್ ಆಗಲಿ ಹಾಗಲ್ಲ, ಅಲ್ಲಿ ಬಿಡಿ ಮೊದಲು ಬರುತ್ತದೆ. ಇಂಗ್ಲಿಷಿನ ಥರ್ಟೀನ್, ಥರ್ಟಿ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಹದಿಮೂರು, ಮೂವತ್ತು ಅಂದರೆ ಆ ಗೊಂದಲ ಇಲ್ಲ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಶುರುವಾಯಿತಲ್ಲ, ಅಂಥ ಕಡೆ ಕಲಿಸುವವರಿಗೆ ನನ್ನ ಒಂದೇ ಕೋರಿಕೆ: ಎಣಿಕೆ ಕನ್ನಡದಲ್ಲಿ ಗಟ್ಟಿಯಾಗಲಿ, ಇಂಗ್ಲಿಷ್ ಹೆಸರು ಅದರ ಮೇಲೆ ಕೂರಲಿ. ಹಾಗೇ ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ, ತುಳು ಆಡುವ ಮಕ್ಕಳಿದ್ದರೆ ಅವರ ಭಾಷೆಯಲ್ಲೂ ಎಣಿಸಿಸಿ. ಯಾವ ಭಾಷೆಯಲ್ಲಿ ಬಿಡಿ ಮೊದಲು, ಯಾವುದರಲ್ಲಿ ಹತ್ತು ಮೊದಲು ಅಂತ ಇಡೀ ತರಗತಿ ಸೇರಿ ಹುಡುಕಲಿ.

ಚಿಕ್ಕ ಮಕ್ಕಳು ಇಪ್ಪತ್ತೊಂಬತ್ತು ಆದಮೇಲೆ ‘ಇಪ್ಪತ್ಹತ್ತು’ ಅನ್ನುತ್ತಾರೆ. ದಯವಿಟ್ಟು ನಗಬೇಡಿ, ಬೇರೆಯವರನ್ನೂ ನಗಲು ಬಿಡಬೇಡಿ. ಅದು ತಪ್ಪಿಗಿಂತ ಜಾಸ್ತಿ ಬುದ್ಧಿ. ಆ ಮಗು ಸಂಖ್ಯೆಗಳ ಕ್ರಮ ಹಿಡಿದಿದೆ. ‘ಸರಿ, ಇಪ್ಪತ್ತರ ಜೊತೆ ಇನ್ನೊಂದು ಹತ್ತು ಬಂತು. ಈಗ ಎಷ್ಟು ಕಟ್ಟು ಆಯ್ತು?’ ಅಂತ ಕಡ್ಡಿ ಕಟ್ಟಿಸಿ. ಮೂರು ಕಟ್ಟು, ಮೂವತ್ತು.

ಕಟ್ಟುವ ಕೆಲಸ ಮಗುವೇ ಮಾಡಬೇಕು. ಮೊದಲೇ ಕಟ್ಟಿಟ್ಟ ಕಟ್ಟು ಮಗುವಿಗೆ ಒಂದು ದಪ್ಪ ಕಡ್ಡಿ ಅಷ್ಟೆ. ಹತ್ತು ಎಣಿಸಿ ತಾನೇ ರಬ್ಬರ್ ಬ್ಯಾಂಡ್ ಹಾಕಿದಾಗ ಒಳಗೆ ಹತ್ತಿದೆ ಅನ್ನುವ ನಂಬಿಕೆ ಬರುತ್ತದೆ. ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು ಮಾಡಿದ ದಿನ ತರಗತಿಯಲ್ಲಿ ಹಬ್ಬವೇ.

ಇನ್ನು ‘ಮುನ್ನೂರ ಐದು’ ಅಂದರೆ 3005 ಬರೆಯುವ ಮಕ್ಕಳು. ಕೇಳಿಸಿದ್ದನ್ನು ಹಾಗೇ ಬರೆದಿದ್ದಾರೆ: ಮುನ್ನೂರು ಅಂದರೆ 300, ಅದರ ಪಕ್ಕ 5. ಹತ್ತು ಸಲ ಇಂಪೋಸಿಷನ್ ಬರೆಸಿದರೆ ಇದು ಹೋಗುವುದಿಲ್ಲ. ರಟ್ಟಿನಲ್ಲಿ ಮೂರು ಅಳತೆಯ ಚೀಟಿ ಮಾಡಿ. 1ರಿಂದ 9ರವರೆಗೆ ಒಂದು ಮನೆ ಅಗಲ, 10, 20ರಿಂದ 90ರವರೆಗೆ ಎರಡು ಮನೆ, 100ರಿಂದ 900ರವರೆಗೆ ಮೂರು ಮನೆ. 300ರ ಚೀಟಿಯ ಕೊನೆಯ ಸೊನ್ನೆಯ ಮೇಲೆ 5ರ ಚೀಟಿ ಇಟ್ಟರೆ 305 ಕಾಣಿಸುತ್ತದೆ. 5ನ್ನು ಎತ್ತಿದರೆ ಕೆಳಗೆ ಸೊನ್ನೆ ಇದ್ದೇ ಇದೆ. ಆ ಸೊನ್ನೆಯನ್ನು ಮಗು ಬೆರಳಿಟ್ಟು ನೋಡಬೇಕು, ಎತ್ತಬೇಕು, ಮತ್ತೆ ಇಡಬೇಕು. ನನಗಂತೂ ಇದು ಎರಡು ವಾರದ ಕೆಲಸ. ಪಾಠ ಹಿಂದೆ ಬಿತ್ತು ಅಂತ ಹೆದರಬೇಡಿ, ಮುಂದೆ ಕೂಡುವಾಗ, ಕಳೆಯುವಾಗ ಆ ಎರಡು ವಾರ ವಾಪಸ್ ಸಿಗುತ್ತದೆ.

ಹೆಜ್ಜೆ 4: ‘ಸಾಲ ತಗೋ’ ಅನ್ನೋದು ಬಿಡಿ

42ರಲ್ಲಿ 17 ಕಳೆಯುವಾಗ ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತ ನಾವೆಲ್ಲ ಹೇಳಿಕೊಟ್ಟವರೇ. ವಾಪಸ್ ಕೊಡದ ಸಾಲ ಎಂಥದ್ದು? ಒಂದು ತಗೊಂಡರೆ ಅದು ಹತ್ತು ಹೇಗಾಯಿತು? ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ, ಒಳಗೇ ಗೊಂದಲ ಇಟ್ಟುಕೊಳ್ಳುತ್ತಾರೆ. ಬದಲಿಗೆ ‘ಒಂದು ಕಟ್ಟು ಬಿಚ್ಚು’ ಅನ್ನಿ. ನಾಲ್ಕು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕು, ಇಲ್ಲ. ಒಂದು ಕಟ್ಟು ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟು, ಒಂದು ಕಟ್ಟನ್ನೂ ಕೊಟ್ಟರೆ ಉಳಿದದ್ದು ಎರಡು ಕಟ್ಟು, ಐದು ಬಿಡಿ. ಕಡ್ಡಿಯಲ್ಲಿ ಮಾಡುತ್ತಾ ಮಾಡುತ್ತಾ ಪಕ್ಕದಲ್ಲೇ ಸ್ಲೇಟಿನಲ್ಲಿ ಬರೆಯಲಿ. ಕೈ ಒಂದು ಹೆಜ್ಜೆ, ಸ್ಲೇಟು ಒಂದು ಹೆಜ್ಜೆ.

ಹೂವಿನ ಹುಡುಗಿ ತನ್ನ ಇಪ್ಪತ್ತೈದು ಹೇಗೆ ಬಂತು ಅಂತ ಹೇಳಿದ್ದು ಇನ್ನೂ ಚೆನ್ನಾಗಿತ್ತು: ‘ಹದಿನೇಳಕ್ಕೆ ಮೂರು ಹಾಕಿದ್ರೆ ಇಪ್ಪತ್ತು, ಇನ್ನೊಂದು ಇಪ್ಪತ್ತು ಹಾಕಿದ್ರೆ ನಲವತ್ತು, ಮೇಲೆ ಎರಡು.’ ಮೂರು, ಇಪ್ಪತ್ತು, ಎರಡು ಸೇರಿ ಇಪ್ಪತ್ತೈದು. ಚಿಲ್ಲರೆ ಕೊಡುವವರು ಮಾಡುವುದೇ ಹೀಗೆ. ನಾನು ಅದನ್ನು ಬೋರ್ಡಿನ ಮೇಲೆ ಅವಳ ಕೈಯಲ್ಲೇ ಬರೆಸಿ, ಅವಳ ಹೆಸರನ್ನೇ ಆ ವಿಧಾನಕ್ಕೆ ಇಟ್ಟೆ. ಆಮೇಲೆ ಅವಳು ಲೆಕ್ಕದ ಪೀರಿಯಡ್ ತಪ್ಪಿಸಿಕೊಂಡದ್ದಿಲ್ಲ. ಪುಸ್ತಕದ ವಿಧಾನ ಬೇಡ ಅಂತ ನಾನು ಹೇಳುತ್ತಿಲ್ಲ, ಎರಡೂ ಬರಲಿ, ಎರಡರಲ್ಲೂ ಒಂದೇ ಉತ್ತರ ಬರುವುದನ್ನು ಮಗು ಕಣ್ಣಾರೆ ನೋಡಲಿ.

ಹೆಜ್ಜೆ 5: ಮಗ್ಗಿ ಬೇಕು, ಆದರೆ ಸಾಲು ಬದಲಿಸಿ

ಮಗ್ಗಿ ಬಾಯಿಪಾಠ ಮಾಡಿಸಬಾರದು ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ‘ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು’ ಅಂತ ರಾಗವಾಗಿ ಹೇಳುವುದು ಮಕ್ಕಳಿಗೆ ಇಷ್ಟ, ಅದು ನಾಲಿಗೆ ಮೇಲೆ ಇದ್ದರೆ ಭಾಗಾಕಾರದ ಹೊತ್ತಿಗೆ ತಲೆ ಹಗುರಾಗಿರುತ್ತದೆ. ಆದರೆ ಅರ್ಥ ಮೊದಲು ಬರಲಿ. ಮೊಟ್ಟೆ ಟ್ರೇಯಲ್ಲಿ ಬೀಜ ತುಂಬಿಸಿ, ಅಂಗಳದಲ್ಲಿ ರಂಗೋಲಿ ಚುಕ್ಕಿ ಇಡಿಸಿ: ಸಾಲಿಗೆ ಆರರಂತೆ ನಾಲ್ಕು ಸಾಲು. ಆಮೇಲೆ ಮಗುವನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಅಲ್ಲಿಂದ ನೋಡಲು ಹೇಳಿ. ಈಗ ಸಾಲಿಗೆ ನಾಲ್ಕರಂತೆ ಆರು ಸಾಲು. ಚುಕ್ಕಿ ಕದಲಿಲ್ಲ, ನಾವು ಮಾತ್ರ ಕದಲಿದೆವು.

ಇದು ಗೊತ್ತಾದರೆ ಕಲಿಯುವುದು ಅರ್ಧಕ್ಕೆ ಇಳಿಯುತ್ತದೆ. ನಾನು ಹೇಳಿಕೊಡುವ ಕ್ರಮ: ಮೊದಲು 2, 10, 5. ಆಮೇಲೆ 2ರ ಎರಡರಷ್ಟು 4, ಅದರ ಎರಡರಷ್ಟು 8. ಆಮೇಲೆ 3, ಅದರ ಎರಡರಷ್ಟು 6. ಆಮೇಲೆ 9, ಅಂದರೆ ಹತ್ತರ ಮಗ್ಗಿಯ ಉತ್ತರದಲ್ಲಿ ಆ ಸಂಖ್ಯೆಯನ್ನು ಒಂದು ಸಲ ಕಳೆದದ್ದು. ಎಲ್ಲರೂ ಹೆದರುವ 7ನ್ನು ಕೊನೆಗೆ ಇಡಿ. ಅಷ್ಟು ಹೊತ್ತಿಗೆ ಏಳರ ಮಗ್ಗಿಯಲ್ಲಿ ಹೊಸದಾಗಿ ಉಳಿದಿರುವುದು ಒಂದೇ ಒಂದು, ಏಳೇಳ್ಲಿ ನಲವತ್ತೊಂಬತ್ತು. ಮಿಕ್ಕಿದ್ದೆಲ್ಲ ಬೇರೆ ಮಗ್ಗಿಯಲ್ಲಿ ಬಂದುಹೋಗಿದೆ. ಇದನ್ನು ಮಕ್ಕಳಿಗೆ ಹೇಳಬೇಡಿ, ಅವರೇ ಹುಡುಕಲಿ. ಆ ಮುಖಗಳನ್ನು ನೋಡಬೇಕು ನೀವು.

ಹೆಜ್ಜೆ 6: ಭಿನ್ನರಾಶಿಗೆ ಮೊದಲು ರೊಟ್ಟಿ

ಇದನ್ನು ಬೇಗ ಹೇಳಿಬಿಡುತ್ತೇನೆ. 1/4 ದೊಡ್ಡದಾ 1/8 ದೊಡ್ಡದಾ ಅಂದರೆ ಎಂಟು ದೊಡ್ಡದು ಅಂತ ಮಕ್ಕಳು 1/8 ಅನ್ನುತ್ತಾರೆ. ಒಂದೇ ಅಳತೆಯ ಎರಡು ಕಾಗದದ ರೊಟ್ಟಿ ಕೊಟ್ಟು ಮಡಚಿಸಿ, ಹರಿಸಿ, ಒಂದರ ಮೇಲೊಂದು ಇಡಿಸಿ. ಅರ್ಧ, ಕಾಲು, ಮುಕ್ಕಾಲು ಮನೆಯ ಮಾತುಗಳು, ಅಲ್ಲಿಂದಲೇ ಶುರು ಮಾಡಿ. ಕಾಲು ಕೆಜಿ ಅಂದರೆ 250 ಗ್ರಾಂ ಅನ್ನುವುದು ಅಂಗಡಿಗೆ ಹೋಗುವ ಮಗುವಿಗೆ ಗೊತ್ತಿರುತ್ತದೆ. ಅಂಶ, ಛೇದ ಅನ್ನೋ ಹೆಸರು ಒಂದು ತಿಂಗಳು ತಡವಾದರೂ ಪರವಾಗಿಲ್ಲ.

ಹೆಜ್ಜೆ 7: ಶನಿವಾರ ಆಟ

ಶನಿವಾರದ ಕೊನೆಯ ಪೀರಿಯಡ್ ಆಟಕ್ಕೆ ಇಡಿ. ಅಜ್ಜಿಯರಿಗೆ ಗೊತ್ತಿರುವ ಆಟಗಳೇ ಸಾಕು. ಚೌಕಾಬಾರಕ್ಕೆ ನೆಲದ ಮೇಲೆ ಐದಕ್ಕೆ ಐದು ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ‘ಅವಳ ಕಾಯಿ ಹೊಡೆಯೋಕೆ ನಿನಗೆ ಎಷ್ಟು ಬೀಳಬೇಕು?’ ಅಂತ ಕೇಳುತ್ತಾ ಇರಿ. ಅಳಗುಳಿ ಮಣೆಯಲ್ಲಿ ಏಳರಂತೆ ಎರಡು ಸಾಲು ಗುಂಡಿ. ಗುಂಡಿಗೆ ಐದರಂತೆ ಎಷ್ಟು ಬೀಜ ಬೇಕು ಅಂತ ಆಟ ಶುರುವಾಗುವ ಮೊದಲೇ ಹೇಳಿಸಿ. ಎಪ್ಪತ್ತು ಅಂತ ಸರಿಯಾಗಿ ಹೇಳಿದ ಗುಂಪಿಗೆ ಮಣೆ ಮೊದಲು. ಕರಾವಳಿಯವರು ಇದನ್ನೇ ಚೆನ್ನೆಮಣೆ ಅನ್ನುತ್ತಾರೆ. ಊರಿನ ಅಜ್ಜಿಯೊಬ್ಬರನ್ನು ಕರೆಸಿ ಆಡಿಸಿದರೆ ಇನ್ನೂ ಒಳ್ಳೆಯದು, ಶಾಲೆಗೆ ಕಾಲಿಡದ ಅಜ್ಜಿ ಲೆಕ್ಕದಲ್ಲಿ ಎಷ್ಟು ಚುರುಕು ಅಂತ ಮಕ್ಕಳು ನೋಡಲಿ.

ನಾಲ್ಕು, ಐದನೇ ತರಗತಿಗೆ 6174 ಕೊಡಿ. ಇದನ್ನು ಕಂಡುಹಿಡಿದ ಡಿ. ಆರ್. ಕಾಪ್ರೇಕರ್ ನಮ್ಮ ಹಾಗೆ ಶಾಲಾ ಮೇಷ್ಟ್ರು, ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಕಲಿಸುತ್ತಿದ್ದರು. 1949ರಲ್ಲಿ ಅವರು ಇದನ್ನು ಹೇಳಿದರು. ಯಾವುದಾದರೂ ನಾಲ್ಕು ಅಂಕಿಯ ಸಂಖ್ಯೆ ತಗೊಳ್ಳಿ, ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೆ. ಆ ಅಂಕಿಗಳಿಂದ ಆಗುವ ಅತಿ ದೊಡ್ಡ ಸಂಖ್ಯೆಯಲ್ಲಿ ಅತಿ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ, ಉತ್ತರ ಮೂರೇ ಅಂಕಿ ಬಂದರೆ ಮುಂದೆ ಒಂದು ಸೊನ್ನೆ ಹಾಕಿಕೊಳ್ಳಿ. 3524 ಆದರೆ 5432 − 2345 = 3087. ಮುಂದೆ 8730 − 0378 = 8352. ಮುಂದೆ 8532 − 2358 = 6174. ಅಲ್ಲಿಂದ ಎಷ್ಟು ಸಲ ಮಾಡಿದರೂ ಅದೇ ಬರುತ್ತದೆ. ಯಾವ ಸಂಖ್ಯೆಯಾದರೂ ಏಳು ಸಲದೊಳಗೆ ಇಲ್ಲಿಗೆ ಬಂದು ನಿಲ್ಲುತ್ತದೆ. ಮಕ್ಕಳು ತಾವು ಹುಟ್ಟಿದ ಇಸವಿ ಹಾಕಿ ನೋಡಲಿ. 2015ಕ್ಕೆ ಪೂರ್ತಿ ಏಳು ಸಲ ಬೇಕು. ‘ಹತ್ತು ಕಳೆಯುವ ಲೆಕ್ಕ ಮಾಡಿ’ ಅಂದರೆ ಮುಖ ಬಾಡಿಸುವ ಮಕ್ಕಳು ಇದರ ಹಿಂದೆ ಬಿದ್ದು ಮೂವತ್ತು ಮಾಡುತ್ತಾರೆ. ಯಾರಿಗಾದರೂ 6174 ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ, ಅವರೇ ಹಿಂದಕ್ಕೆ ಹೋಗಿ ಹುಡುಕುತ್ತಾರೆ. ನೀವು ಗೀಟು ಎಳೆಯಬೇಕಾಗಿಲ್ಲ.

ಹೆಜ್ಜೆ 8: ಮಕ್ಕಳ ಸಂತೆ

ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ದೇಶದಲ್ಲಿ ಅದನ್ನೇ ಗಣಿತ ದಿನ ಅಂತ ಆಚರಿಸುತ್ತೇವೆ. ಫೋಟೋಗೆ ಹಾರ ಹಾಕಿ ಭಾಷಣ ಮಾಡಿ ಮುಗಿಸುವುದಕ್ಕಿಂತ ಆಸುಪಾಸಿನ ಒಂದು ದಿನ ಶಾಲೆಯ ಅಂಗಳದಲ್ಲಿ ಸಂತೆ ಇಡಿ. ಮೆಟ್ರಿಕ್ ಮೇಳ ಅಂತ ಎಷ್ಟೋ ಶಾಲೆಗಳಲ್ಲಿ ಮಾಡುತ್ತಾರೆ. ಆದರೆ ಬಹಳ ಕಡೆ ಅಪ್ಪ ಅಮ್ಮ ತರಕಾರಿ ತಂದು ಜೋಡಿಸಿ, ದೊಡ್ಡವರು ಮಾರಿ, ಮಕ್ಕಳು ಫೋಟೋಗೆ ನಿಲ್ಲುವ ಹಾಗೆ ಆಗುತ್ತದೆ. ಹಾಗಾಗಬಾರದು ಅಂದರೆ ಒಂದು ತಿಂಗಳು ಮೊದಲೇ ಎಸ್‌ಡಿಎಂಸಿ ಸಭೆಯಲ್ಲಿ ಕೂತು ಮಾತಾಡಿ.

ಅಂಗಡಿಗೆ ಇಬ್ಬರು ಮಕ್ಕಳು, ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು. ಅಸಲು ನೂರು ರೂಪಾಯಿ ದಾಟಬಾರದು, ಇಲ್ಲದಿದ್ದರೆ ಉಳ್ಳವರ ಮಕ್ಕಳ ಅಂಗಡಿಯಷ್ಟೇ ಮೆರೆಯುತ್ತದೆ. ಏನೂ ತರಲಾಗದ ಮಕ್ಕಳಿಗೆ ಶಾಲೆಯ ತೋಟದ ಸೊಪ್ಪು ಕೊಡಿ, ಅಥವಾ ತೂಕದ ಕಟ್ಟೆ, ಚಿಲ್ಲರೆ ಬ್ಯಾಂಕು ಅವರ ಕೈಗೆ ಕೊಡಿ. ಚಿಲ್ಲರೆ ಬ್ಯಾಂಕು ತುಂಬ ಮುಖ್ಯ, ಒಂದು, ಎರಡು, ಐದು ರೂಪಾಯಿ ನಾಣ್ಯ ಮೊದಲೇ ತಂದಿಡಿ. ತಕ್ಕಡಿ ಮತ್ತು ತೂಕದ ಕಲ್ಲು ಇರಲಿ, ಡಿಜಿಟಲ್ ಯಂತ್ರ ಬೇಡ. ಕಲ್ಲು ಇಟ್ಟಾಗಲೇ 200, 50 ಸೇರಿದರೆ ಕಾಲು ಕೆಜಿ ಅಂತ ಕಾಣಿಸುವುದು. ಕ್ಯಾಲ್ಕುಲೇಟರ್, ಫೋನ್ ಪೇ ಎರಡೂ ಬೇಡ. ದೊಡ್ಡವರು ಗಿರಾಕಿಗಳು ಮಾತ್ರ. ಅವರಿಗೂ ಒಂದು ಕೆಲಸ ಹೇಳಿಕೊಡಿ: ಚಿಲ್ಲರೆ ಇಸ್ಕೊಂಡ ಮೇಲೆ ‘ಇದು ಹೇಗೆ ಬಂತು?’ ಅಂತ ಕೇಳಬೇಕು, ಚೌಕಾಸಿ ಮಾಡಬೇಕು, ‘ಇರ್ಲಿ ಇಟ್ಕೋ’ ಅನ್ನಬಾರದು.

ನಿಜವಾದ ಪಾಠ ಮರುದಿನ. ಹುಡುಗನೊಬ್ಬ ಕೊತ್ತಂಬರಿ ಸೊಪ್ಪು ಹತ್ತು ಕಟ್ಟು ತಂದಿದ್ದ, ಕಟ್ಟಿಗೆ ಐದು ರೂಪಾಯಿಯಂತೆ. ಏಳು ಕಟ್ಟು ಎಂಟೆಂಟು ರೂಪಾಯಿಗೆ ಹೋಯಿತು, ಬಿಸಿಲಿಗೆ ಬಾಡಿದ ಮೂರು ಕಟ್ಟನ್ನು ಮೂರು ಮೂರು ರೂಪಾಯಿಗೆ ಕೊಟ್ಟ. ಕೈಯಲ್ಲಿ 65 ರೂಪಾಯಿ. ‘ಅರವತ್ತೈದು ಲಾಭ’ ಅಂತ ಕುಣಿದ. ಅಸಲು ಐವತ್ತು ಅಪ್ಪನಿಗೆ ವಾಪಸ್ ಎಣಿಸಿ ಕೊಡು ಅಂದಾಗ ಕೈಯಲ್ಲಿ ಹದಿನೈದು ಉಳಿಯಿತು. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದ. ಲಾಭ ಅಂದರೇನು ಅಂತ ಅವನಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಪ್ರತಿ ಅಂಗಡಿಯವರೂ ಹೀಗೆ ತಮ್ಮ ಲೆಕ್ಕ ಬೋರ್ಡಿನ ಮೇಲೆ ಬರೆದು ವಿವರಿಸಲಿ. ನಷ್ಟವಾದವರ ಲೆಕ್ಕವನ್ನು ಜಾಸ್ತಿ ಹೊತ್ತು ಕೇಳಿ, ಅಲ್ಲಿ ಕಲಿಯುವುದು ಜಾಸ್ತಿ ಇರುತ್ತದೆ. ಆ ಲೆಕ್ಕಗಳನ್ನೇ ಮುಂದಿನ ತಿಂಗಳ ವಾಕ್ಯ ಲೆಕ್ಕ ಮಾಡಿ. 12ನೇ ಶತಮಾನದಲ್ಲೇ ಗಣಿತಜ್ಞ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರದ ಗಣಿತ ಬರೆದಿದ್ದಾನೆ. ನಮ್ಮ ಮಕ್ಕಳೂ ತಮ್ಮ ಸಂತೆಯ ಲೆಕ್ಕವನ್ನು ತಮ್ಮ ಮಾತಿನಲ್ಲೇ ಬರೆಯಲಿ.

ಹೆಜ್ಜೆ 9: ಮನೆಯವರಿಗೆ

‘ನಂಗೂ ಲೆಕ್ಕ ಬರ್ತಿರ್ಲಿಲ್ಲ, ಇವನಿಗೂ ಬರಲ್ಲ’ ಅಂತ ಮಗುವಿನ ಮುಂದೆ ಹೇಳಬೇಡಿ. ಅದರಲ್ಲೂ ಹೆಣ್ಣುಮಕ್ಕಳ ಮುಂದೆ. ನಿಮಗೆ ಲೆಕ್ಕ ಬರುತ್ತದೆ. ಹೂ ಮೊಳ ಹಾಕುವುದು, ಪಾವಿನಲ್ಲಿ ಅಕ್ಕಿ ಅಳೆಯುವುದು, ಚೀಟಿ ದುಡ್ಡು, ಸಂಘದ ಬಡ್ಡಿ, ಇದೆಲ್ಲ ಲೆಕ್ಕವೇ. ದಿನಕ್ಕೆ ಹತ್ತು ನಿಮಿಷ ಸಾಕು: ಐದು ಜನಕ್ಕೆ ಮೂರು ಮೂರು ದೋಸೆ ಅಂದರೆ ಎಷ್ಟು ಹುಯ್ಯಬೇಕು, ಬಸ್ ಇನ್ನೆಷ್ಟು ನಿಮಿಷಕ್ಕೆ, ಹಾಲಿನವರಿಗೆ ಈ ತಿಂಗಳು ಎಷ್ಟು ಕೊಡಬೇಕು. ಉತ್ತರ ತಪ್ಪಾದರೆ ತಿದ್ದುವ ಅವಸರ ಬೇಡ, ಹೇಗೆ ಬಂತು ಅಂತ ಕೇಳಿ ಸುಮ್ಮನಿರಿ. ಅರ್ಧ ಸಲ ಮಗು ಹೇಳುತ್ತಾ ಹೇಳುತ್ತಾ ತಾನೇ ತಿದ್ದಿಕೊಳ್ಳುತ್ತದೆ.

ಹೆಜ್ಜೆ 10: ಫೆಬ್ರವರಿಯಲ್ಲಿ ಮತ್ತೆ ಅದೇ ಐದು

ವಾರ್ಷಿಕ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು ಜೂನ್‌ನ ನೋಟ್‌ಬುಕ್ ತೆಗೆಯಿರಿ. ಅದೇ ಐದು ಪ್ರಶ್ನೆ, ಅದೇ ಐದು ನಿಮಿಷ. ಮಗು ಈಗ ಹೇಳಿದ್ದನ್ನು ಹಳೆಯ ಮಾತಿನ ಕೆಳಗೇ ಬರೆಯಿರಿ. ಇನ್ನೂ ಮೊದಲಿದ್ದಲ್ಲೇ ಇರುವ ಮಕ್ಕಳು ಇಬ್ಬರೋ ಮೂವರೋ ಸಿಗುತ್ತಾರೆ. ಅವರಿಗೆ ಮಾರ್ಚ್ ಮುಗಿಯುವವರೆಗೆ ದಿನವೂ ಹದಿನೈದು ನಿಮಿಷ ಬರೀ ಬೀಜ, ಕಡ್ಡಿ. ಹಾಜರಿ ತಪ್ಪುವ ಮಕ್ಕಳೂ ಇವರಲ್ಲೇ ಜಾಸ್ತಿ ಇರುತ್ತಾರೆ, ಕೂಲಿಗೆ ವಲಸೆ ಹೋಗುವ ಮನೆಯವರು. ಹೊರಡುವಾಗ ಆ ಮಗುವಿನ ಬೀಜದ ಚೀಲವನ್ನೂ ಚೀಟಿ ಕಟ್ಟನ್ನೂ ಜೊತೆಗೆ ಕೊಟ್ಟು ಕಳಿಸಿ. ಮುಂದಿನ ತರಗತಿಗೆ ಹೋಗುವ ದಿನ ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ಮುಂದಿನ ಟೀಚರ್ ಕೈಗೆ ಕೊಡಿ, ಹತ್ತು ನಿಮಿಷ ಅವರ ಜೊತೆ ಕೂತು ಯಾವ ಮಗು ಯಾವ ಮಾತು ಹೇಳಿತ್ತು ಅಂತ ಓದಿ ಹೇಳಿ.